ತೀರಿಹೋದವರ ಹೆಸರಿನ ಮೀಟರ್

ಮೂರು ವರ್ಷದ ಹಿಂದಿನ ಮಾತು. ನಾನು ಜಯನಗರದಲ್ಲಿ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್, ಮನೆಗಳಿಗೆ ಇ.ವಿ. ಚಾರ್ಜರ್ ಕೂರಿಸುವ ಕೆಲಸ ಆಗಷ್ಟೇ ಹೆಚ್ಚಾಗಿತ್ತು. ವೈರು ಎಳೆಯುವುದೇನು ಮಹಾ, ಅನುಮತಿಗೆ ಅಲೆದೇ ಚಪ್ಪಲಿ ಸವೆಯುತ್ತಿತ್ತು.

ತಿಲಕ್ ನಗರದಿಂದ ಸರೋಜಾ ಎಂಬುವರು ಬಂದರು. ಎಲೆಕ್ಟ್ರಿಕ್ ಆಟೋ ಓಡಿಸುವವರು, ಹಳೆಯ ಮನೆಯೊಂದರ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಮಗಳಿಗೆ ಫಿಟ್ಸ್ ಬರುತ್ತಿತ್ತು.

"ಅವಳು ಸ್ಕೂಲಲ್ಲಿರೋವಾಗ ಓಡಿಸ್ತೀನಿ ಸಾರ್. ಸಂಜೆ ಬನಶಂಕರೀಲಿ ಚಾರ್ಜಿಂಗಿಗೆ ಕಾಯ್ತಾ ಕೂತ್ರೆ, ಮನೇಲಿ ಒಬ್ಳೇ ಬಿದ್ದಿರ್ತಾಳೇನೋ ಅಂತ ಜೀವ ಹೊಡ್ಕೊಳತ್ತೆ."

ಆ ಮನೆಗೆ ಮಂಜೂರಾಗಿದ್ದ ವಿದ್ಯುತ್ ಲೋಡ್ ಚಾರ್ಜರಿಗೆ ಸಾಲದು. ಹೆಚ್ಚಿಸಲು ಮೀಟರ್ ಯಾರ ಹೆಸರಲ್ಲಿದೆಯೋ ಅವರೇ ಅರ್ಜಿ ಹಾಕಬೇಕು. ಮೀಟರ್ ಇದ್ದದ್ದು ಮನೆಯೊಡತಿ ಕಮಲಮ್ಮನವರ ಯಜಮಾನರ ಹೆಸರಲ್ಲಿ. ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನಮ್ಮ ಕಡೆ ಇದು ಮಾಮೂಲು. ಬಿಲ್ ಬರುತ್ತದೆ, ಕಟ್ಟುತ್ತಾರೆ, ಹೆಸರು ಬದಲಾಯಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

"ಬಿಲ್ಲಲ್ಲಾದ್ರೂ ಅವರ ಹೆಸರು ಬರತ್ತಲ್ಲ ಅಂತ ಒಂದು ಸಮಾಧಾನ ನೋಡಿ," ಎಂದು ಕಮಲಮ್ಮ ಹೆಸರು ಬದಲಾಯಿಸಲು ಒಪ್ಪಲಿಲ್ಲ.

ಆ ವಾರವೇ ಸರೋಜಾ ಅವರ ಮಗಳು ಫಿಟ್ಸ್ ಬಂದು ಕಮಲಮ್ಮನವರ ಕಣ್ಣೆದುರೇ ಅಂಗಳದಲ್ಲಿ ಬಿದ್ದಳು. ಮರುದಿನ ಅವರೇ ಫೋನ್ ಮಾಡಿದರು. "ಬದಲಾಯಿಸಿಬಿಡಿ. ನಮ್ಮನೆಯವ್ರೇನೂ ಬೇಜಾರು ಮಾಡ್ಕೊಳಲ್ಲ."

ನಾನು ಗೆದ್ದೆ ಅಂದುಕೊಂಡೆ. ಆದರೆ ಹೆಸರು ಬದಲಾವಣೆಗೆ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಕಮಲಮ್ಮನವರಿಗೆ ಇಬ್ಬರು ಗಂಡುಮಕ್ಕಳು, ಅವರಿಬ್ಬರ ನಡುವೆ ಮಾತುಕತೆಯಿಲ್ಲ. ಜೆ.ಪಿ. ನಗರದಲ್ಲಿದ್ದ ಹಿರಿಯವನು, "ನಾನು ಸೈನ್ ಹಾಕಿದ್ರೆ ನಾಳೆ ಮನೇನೇ ಬಿಟ್ಕೊಟ್ಟೆ ಅಂತಾನೆ ನನ್ನ ತಮ್ಮ," ಎಂದ. "ಇದು ಕರೆಂಟ್ ಸ್ವಾಮಿ, ಆಸ್ತಿ ಅಲ್ಲ!" ಎಂದು ಕೂಗಾಡಿದೆ. ಬಿ.ಟಿ.ಎಂ.ನಲ್ಲಿದ್ದ ಕಿರಿಯವನೂ ಅದೇ ರಾಗ ಎಳೆದ. ತಾಯಿ ಅತ್ತು ಕೇಳಿಕೊಂಡರೂ ಇಬ್ಬರೂ ಜಗ್ಗಲಿಲ್ಲ.

ವಿದ್ಯುತ್ ಕಚೇರಿಯ ಇಂಜಿನಿಯರ್ ಒಳ್ಳೆಯವರೇ. "ನಿಮ್ಮ ಸಂಕಟ ಅರ್ಥ ಆಗತ್ತೆ ಸಾರ್. ಆದ್ರೆ ಇವ್ರಲ್ಲೊಬ್ರು ಕೋರ್ಟಿಗೆ ಹೋದ್ರೆ ನನ್ನ ತಲೆಗೆ ಬರತ್ತೆ," ಎಂದು ಕಡತ ಹಿಂದಿರುಗಿಸಿದರು. ಅವರ ಮೇಲೆ ಸಿಟ್ಟು ಮಾಡಲೂ ನನಗೆ ಕಾರಣ ಸಿಗಲಿಲ್ಲ.

ಸರೋಜಾ ಆಟೋ ಮಾರಿದರು. ಪಕ್ಕದ ಬೀದಿಯ ಎರಡು ಮನೆಗಳಲ್ಲಿ ಪಾತ್ರೆ ತೊಳೆಯಲು ಸೇರಿಕೊಂಡರು. "ಹೋಗ್ಲಿ ಬಿಡಿ ಸಾರ್, ಪಾಪ, ನೀವಾದ್ರೂ ಓಡಾಡಿದ್ರಿ," ಎಂದರು. ಬೈದಿದ್ದರೆ ವಾಸಿಯಿತ್ತು.

ಎಲ್ಲ ನಿಯಮ ಪಾಲಿಸಿದರೂ ಕೆಲಸ ಕೆಡಬಹುದು ಎಂಬುದನ್ನು ಈ ವೃತ್ತಿ ನನಗೆ ಕಲಿಸಿದ್ದು ಹೀಗೆ. ಈಗ ಚಾರ್ಜರ್ ಬೇಕೆಂದು ಯಾರೇ ಫೋನ್ ಮಾಡಲಿ, ಗಾಡಿ ಯಾವುದೆಂದು ಕೇಳುವ ಮುಂಚೆ ಕೇಳುತ್ತೇನೆ: "ಮೀಟರ್ ಯಾರ ಹೆಸರಲ್ಲಿದೆ? ಅವರು ಇದ್ದಾರಾ?"

ಬಹಳ ಜನ, "ಬಿಲ್ ನೋಡಿ ಹೇಳ್ತೀನಿ ಸಾರ್," ಎಂದು ಫೋನ್ ಇಟ್ಟುಬಿಡುತ್ತಾರೆ.