ಫಿನಾಯಿಲಜ್ಜಿ ಮುಚ್ಚಿದ ಬಿರುಕು

ಶಾಲೆಯ ಮಕ್ಕಳೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಫಿನಾಯಿಲಜ್ಜಿ ಎಂದು. ಇಪ್ಪತ್ತೆರಡು ವರ್ಷ ಅದೇ ಸರ್ಕಾರಿ ಶಾಲೆಯ ಕಸ ಗುಡಿಸಿ, ನೆಲ ಒರೆಸಿ, ಗಂಟೆ ಹೊಡೆದವಳು. ಅಲ್ಲಿ ಅವಳು ಕಲಿತ ಪಾಠ ಒಂದೇ: ಸಾಹೇಬರು ಬಂದರೆ ಮೊದಲು ನೋಡುವುದು ಜೇಡರ ಬಲೆಯನ್ನು, ಮೊದಲು ಬೈಯುವುದು ಆಯಾಳನ್ನು. ದೊಡ್ಡವರ ಸಿಟ್ಟು ಹರಿದುಹೋಗಲಿಕ್ಕೂ ಒಂದು ತಗ್ಗು ಬೇಕಲ್ಲ.

ಆ ವರ್ಷ ಅವಳ ಮೊಮ್ಮಗಳು ಅಲ್ಲೇ ಏಳನೇ ತರಗತಿಯಲ್ಲಿದ್ದಳು. ಶಾಲೆ ಇದ್ದದ್ದೂ ಏಳರವರೆಗೆ ಮಾತ್ರ. ಎಂಟಕ್ಕೆ ಸೇರಬೇಕೆಂದರೆ ಹೆದ್ದಾರಿ ದಾಟಿ ಎರಡು ಬಸ್ಸು ಬದಲಿಸಬೇಕು. ಹುಡುಗಿಯ ಅಪ್ಪ, ಅಂದರೆ ಅಜ್ಜಿಯ ಮಗ, ಗಾರೆ ಕೆಲಸದವನು. ಅವನು ಕಡ್ಡಿ ಮುರಿದಂತೆ ಹೇಳಿದ್ದ: "ಎಂಟನೇ ಕ್ಲಾಸು ಇಲ್ಲೇ ಶುರುವಾದ್ರೆ ಓದ್ಲಿ. ಇಲ್ಲಾಂದ್ರೆ ಸಾಕು."

ಹುಡುಗಿ ಅಜ್ಜಿಯ ಬೆನ್ನುಬಿದ್ದಳು. ಅಜ್ಜಿ ಹೆಡ್‌ಮಾಸ್ತರರನ್ನು ಕೇಳಿದಳು.

"ಎರಡು ಕೋಣೆ ಮಂಜೂರಾದ್ರೆ ಶುರು ಮಾಡಬಹುದು ಆಯಮ್ಮ. ಸೋಮವಾರ ಸಾಹೇಬ್ರು ನೋಡೋಕೆ ಬರ್ತಾರೆ. ಈ ಸಲ ಏನೂ ಚೊಕ್ಕ ಮಾಡಬೇಡಿ, ಇದ್ದದ್ದು ಇದ್ದ ಹಾಗೇ ಇರ್ಲಿ" ಎಂದರು ಅವರು. ಯಾಕೆ ಎಂದು ಹೇಳಲಿಲ್ಲ. ಆಯಾಗಳಿಗೆ ಕಾರಣ ಹೇಳುವ ರೂಢಿ ಆ ಶಾಲೆಯಲ್ಲಿರಲಿಲ್ಲ.

ಅಜ್ಜಿ ಅದನ್ನು ನಂಬುವಷ್ಟು ದಡ್ಡಿಯಲ್ಲ. ಈ ಮನುಷ್ಯ ತನ್ನತ್ತ ಬೆರಳು ತೋರಿಸಿ ಕೈತೊಳೆದುಕೊಂಡದ್ದನ್ನು ಅವಳು ನಾಲ್ಕು ಸಲ ಕಂಡಿದ್ದಳು. ಅಲ್ಲದೆ, ಗಲೀಜು ಶಾಲೆಗೆ ಯಾವ ಸರ್ಕಾರ ಕೋಣೆ ಕೊಟ್ಟೀತು?

ಭಾನುವಾರ ಇಡೀ ಸಂಸಾರ ಶಾಲೆಯಲ್ಲಿತ್ತು. ಮಗ ಅರ್ಧ ಚೀಲ ಸಿಮೆಂಟು ತಂದು, ಕಿಟಕಿಯಿಂದ ಸೂರಿನವರೆಗೆ ಬಾಯಿಬಿಟ್ಟಿದ್ದ ಬಿರುಕುಗಳನ್ನು ಒಂದೊಂದಾಗಿ ಮುಚ್ಚಿದ. ಕರಣೆ ಹಿಡಿದರೆ ಅವನ ಕೈ ಬೆಣ್ಣೆ ಸವರಿದ ಹಾಗೆ. ಅಜ್ಜಿ ಸುಣ್ಣ ಬಳಿದಳು. ಮಳೆನೀರು ಇಳಿದು ಕಪ್ಪುಗಟ್ಟಿದ್ದ ಗೋಡೆಗೆ ಹುಡುಗಿಯೇ ಉಪಾಯ ಹುಡುಕಿ, ಅದರ ಮೇಲೆ ದೊಡ್ಡ ಭೂಪಟ ನೇತುಹಾಕಿದಳು.

"ನನ್ನ ಮೊಮ್ಮಗಳ ತಲೆ ನೋಡು!" ಎಂದು ಅಜ್ಜಿ ಹಿಗ್ಗಿದಳು.

ಸೋಮವಾರ ಹೆಡ್‌ಮಾಸ್ತರರು ಬಂದಾಗ ಸಾಹೇಬರ ಜೀಪು ಆಗಲೇ ಗೇಟಿನಲ್ಲಿತ್ತು. ಫಳಫಳ ಹೊಳೆಯುವ ಗೋಡೆ ನೋಡಿ ಅವರ ಮುಖ ಹುಳ್ಳಗಾಯಿತು. "ಸಾರ್, ಇದು ನಿನ್ನೆ ಬಳಿದಿದ್ದು, ಒಳಗೆಲ್ಲ ಬಿರುಕು" ಎಂದರು.

ಸಾಹೇಬರು ಗೋಡೆ ತಟ್ಟಿ ನೋಡಿದರು. ಬಾಗಿಲ ಬಳಿ ನಿಂತಿದ್ದ ಅಜ್ಜಿಯನ್ನೇ ಕೇಳಿದರು, "ಏನಮ್ಮಾ, ಗೋಡೆ ಬಿರುಕು ಬಿಟ್ಟಿದೆಯಾ?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಬ್ಬ ಸಾಹೇಬ ಅವಳ ಅಭಿಪ್ರಾಯ ಕೇಳಿದ್ದ. ಅವಳು ಎದೆಯುಬ್ಬಿಸಿ ಹೇಳಿದಳು: "ಎಲ್ಲಿ ಸ್ವಾಮಿ! ಕಲ್ಲುಗುಂಡಿನ ಹಾಗಿದೆ."

"ಕೇಳಿಸ್ಕೊಂಡ್ರಾ?" ಸಾಹೇಬರು ನಕ್ಕರು. "ಬೀಳೋ ಹಾಗಿರೋ ಶಾಲೆಗಳಿಗೆ ಮೊದಲು ಕೋಣೆ, ಇದು ಈ ವರ್ಷದ ಸರ್ಕಾರಿ ನೀತಿ. ನಿಮ್ಮದು ಅರಮನೆ ಕಣ್ರೀ." ಹಾಳೆಯಲ್ಲಿ 'ಸುಸ್ಥಿತಿ' ಎಂದು ಬರೆದರು.

ಅಜ್ಜಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಓಡಿಹೋಗಿ ಭೂಪಟ ಕಿತ್ತೆಳೆದಳು. "ಸ್ವಾಮಿ, ಸೋರುತ್ತೆ ನೋಡಿ! ಸುಳ್ಳು ಹೇಳ್ಬಿಟ್ಟೆ ಸ್ವಾಮಿ!"

"ಕೋಣೆ ಅಂದ ತಕ್ಷಣ ಸೋರೋಕೆ ಶುರುವಾಯ್ತಾ?" ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಹೆಡ್‌ಮಾಸ್ತರರು ಅಜ್ಜಿಯತ್ತ ಬೆರಳು ತೋರಿಸಿ ಕೈತೊಳೆದುಕೊಂಡರು. ಐದನೇ ಸಲ.

ಕೋಣೆಗಳು ಮಂಜೂರಾದದ್ದು ಹೆದ್ದಾರಿಯಾಚೆಯ ಮುರುಕು ಶಾಲೆಗೆ. ಕಟ್ಟುವ ಕೆಲಸ ಮಗನಿಗೆ ಸಿಕ್ಕಿತು. ಆಳು ಸಾಲದೆಂದು ಅವನು ಏಳು ಮುಗಿಸಿದ್ದ ಮಗಳನ್ನೂ ಕರೆದುಕೊಂಡು ಹೋದ. ಓದಲಿಕ್ಕೆ ದೂರವಾಗಿದ್ದ ಅದೇ ಎರಡು ಬಸ್ಸು ಇಟ್ಟಿಗೆ ಹೊರಲಿಕ್ಕೆ ದೂರವಾಗಲಿಲ್ಲ.

ಇತ್ತ ಮೊದಲ ಮಳೆಗೇ ಅಜ್ಜಿಯ ಗೋಡೆ ಹಳೆಯ ಜಾಗದಲ್ಲೇ ಬಾಯಿಬಿಟ್ಟಿತು. ಅವಳು ಅದರ ಕೆಳಗೆ ಬಕೆಟ್ಟಿಟ್ಟು ಮನೆಗೆ ಬಂದಳು. ಮೊಮ್ಮಗಳು ಹಿತ್ತಲಲ್ಲಿ ಕೈಯ ಸಿಮೆಂಟು ತಿಕ್ಕಿ ತೊಳೆಯುತ್ತಿದ್ದಳು.

"ಎಂಟನೇ ಕ್ಲಾಸಿನ ಕೋಣೆ ಇವತ್ತು ಮುಗೀತಜ್ಜಿ" ಎಂದಳು. "ಅಪ್ಪನ ಗೋಡೆ ನೀನು ನೋಡ್ಬೇಕು. ಒಂದೇ ಒಂದು ಬಿರುಕಿಲ್ಲ."