ನನ್ನ ಹೆಸರಿಗೆ ಓಗೊಟ್ಟವರು

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಹೋಗಿತ್ತಂತೆ. ಉಗುರಿದ್ದ ಜಾಗ ಬೆಂದ ಅವರೆಕಾಳಿನ ಹಾಗೆ ನುಣ್ಣಗಿತ್ತು. ಏನಾದರೂ ಬರೆದು ಮುಗಿಸಿದೊಡನೆ ಮಸಿ ಒಣಗಿತೋ ಇಲ್ಲವೋ ಎಂದು ಆ ಬೆರಳನ್ನೇ ಒತ್ತಿ ನೋಡುವರು. ಎಂದೂ ಒಣಗಿರುತ್ತಿರಲಿಲ್ಲ. ಹೀಗಾಗಿ ಅವರು ಬರೆದ ಪ್ರತಿ ಸಾಲಿನ ಕೊನೆಗೂ ಒಂದು ಮಸಿಕಲೆ. ಇನ್‌ಸ್ಪೆಕ್ಟರು ಬಂದಾಗಲೆಲ್ಲ ಅದಕ್ಕಾಗಿ ಬೈಸಿಕೊಳ್ಳುವರು, ಆ ಮಹಾಶಯರು ಎದ್ದು ಹೋದ ಮೇಲೆ “ಪರವಾಲೇದು” ಎಂದು ನಗುವರು, ಮತ್ತೆ ಅದೇ ಬೆರಳು.

ಅವರು ದೇವಸಮುದ್ರದ ಕಡೆಯವರು, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ದೊಡ್ಡಉಳ್ಳಾರ್ತಿಯ ಶಾಲೆಗೆ ಬಂದವರು ತಿರುಗಿ ಹೋಗಲೇ ಇಲ್ಲ. ಹೆಂಡತಿ ಮಕ್ಕಳಿರಲಿಲ್ಲ. ಒಂದು ಕಂಬಳಿ, ಒಂದು ಚೊಂಬು, ಶಾಲೆಯ ದೊಡ್ಡ ದಾಖಲೆ ಪುಸ್ತಕ, ಇಷ್ಟೇ ಅವರ ಸಂಸಾರ.

ಆ ಪುಸ್ತಕವನ್ನು ಕಂಡರೆ ನಮ್ಮವ್ವನಿಗೆ ಆಗುತ್ತಿರಲಿಲ್ಲ. ನನ್ನ ಇಬ್ಬರು ಅಣ್ಣಂದಿರ ಹೆಸರೂ ಅದರಲ್ಲಿತ್ತು. ಬರೆಸಿದ ವರ್ಷ ತುಂಬುವುದರೊಳಗೆ ಇಬ್ಬರೂ ಪ್ಲೇಗಿನಲ್ಲಿ ಹೋದರು. ನನ್ನನ್ನು ಶಾಲೆಗೆ ಬಿಡಲು ಬಂದ ದಿನ ಅವ್ವ ಹೊಸ್ತಿಲಾಚೆಯೇ ನಿಂತು ಹೇಳಿದಳು: “ಮೇಷ್ಟ್ರೇ, ಓದ್ಸ್ರಿ, ಬ್ಯಾಡ ಅನ್ನಲ್ಲ. ಆ ಪುಸ್ತಕದಾಗೆ ಮಾತ್ರ ಇವನ ಹೆಸ್ರು ಬರೀಬ್ಯಾಡ್ರಿ. ಕೂಗ್ಲೂಬ್ಯಾಡ್ರಿ. ಹೆಸ್ರು ತಿಳಿದ್ರೆ ತಾನೇ ಮಾರಮ್ಮ ಹುಡುಕ್ಕೊಂಡು ಬರಾದು?”

ಬೇರೆಯವರಾಗಿದ್ದರೆ ಅಟ್ಟುತ್ತಿದ್ದರು. ಇವರು ನನಗಾಗಿ ಒಂದು ಸಾಲು ಬಿಟ್ಟರು. ಅಪ್ಪನ ಹೆಸರು, ಹುಟ್ಟಿದ ತಿಂಗಳು ಎಲ್ಲ ಬರೆದು ನನ್ನ ಹೆಸರಿನ ಜಾಗ ಮಾತ್ರ ಖಾಲಿ ಇಟ್ಟರು. ಹಾಜರಿ ಕೂಗಿದಾಗ ಹುಡುಗರೆಲ್ಲ “ಐದೀನಿ, ಮೇಷ್ಟ್ರೇ” ಎಂದು ರಾಗ ಎಳೆಯುವರು. ನನ್ನ ಸರದಿ ಬಂದರೆ ಮೇಷ್ಟ್ರು ಬಾಯಿ ಮುಚ್ಚಿ ನನ್ನತ್ತ ನೋಡುವರು. ಹುಡುಗರು ಕಿಸಕ್ಕೆಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಮೌನದಲ್ಲಿ ಯಾರೋ ನನ್ನ ಪಕ್ಕದಲ್ಲೇ ಕೂತು ಕಿವಿಗೊಟ್ಟು ಕಾಯುತ್ತಿದ್ದಾರೆ ಎನ್ನಿಸುತ್ತಿತ್ತು.

ದುರ್ಗದ ಹೈಸ್ಕೂಲಿಗೆ ಕಳಿಸುವಾಗ ಒಂದು ಚೀಟಿಯಲ್ಲಿ ನನ್ನ ಹೆಸರು ಬರೆದುಕೊಟ್ಟರು. ಅದರ ಮೇಲೆಯೇ ಓದಿದೆ, ಪಾಸಾದೆ, ಮೈಸೂರಿನಲ್ಲಿ ಹೊಸದಾಗಿ ಆಗಿದ್ದ ಯೂನಿವರ್ಸಿಟಿಗೂ ಸೇರಿದೆ. ನನ್ನ ಅಂಕಗಳಿಗೆ ಸ್ಕಾಲರ್‌ಶಿಪ್ ಸಿಗುವ ಹಾಗಿತ್ತು. ಅದಿಲ್ಲದಿದ್ದರೆ ಕಂಬಳಿ ಹೊದ್ದು ಕುರಿಯ ಹಿಂದೆ ಹೋಗುವುದೇ. ಆದರೆ ಅರ್ಜಿಯ ಜೊತೆಗೆ ಮೊದಲು ಸೇರಿದ ಶಾಲೆಯ ದಾಖಲೆ ಪುಸ್ತಕದ ನಕಲು ಬೇಕು, ಹತ್ತು ದಿನದೊಳಗೆ ಬೇಕು ಎಂದರು. ಬಿದ್ದಂಬೀಳ ಊರಿಗೆ ಬಂದೆ.

ಬಂದರೆ ಊರಿನಲ್ಲಿ ಊರೇ ಇರಲಿಲ್ಲ. ಇಲಿ ಬಿದ್ದಿತ್ತು, ಮತ್ತೆ ಪ್ಲೇಗು. ಜನವೆಲ್ಲ ದನ ಮೇಯುವ ಕಾವಲಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಊರಬಾಗಿಲಿಗೆ ಬೇವಿನ ತೋರಣ ಕಟ್ಟಿ, ಊರನ್ನು ಮಾರಮ್ಮನಿಗೆ ಬಿಟ್ಟು ಬಂದಿದ್ದರು. ಅಮ್ಮ ಓಡಾಡುವಾಗ ಯಾರೂ ಒಳಗೆ ಹೋಗುವ ಹಾಗಿಲ್ಲ, ಒಳಗಿನ ಒಂದು ಕಡ್ಡಿಯೂ ಹೊರಗೆ ಬರುವ ಹಾಗಿಲ್ಲ. ಪುಸ್ತಕ ಶಾಲೆಯ ಪೆಟ್ಟಿಗೆಯಲ್ಲೇ ಉಳಿದಿತ್ತು.

“ನೆನಪಿನಿಂದ ಬರೆದುಕೊಡಿ, ಮೇಷ್ಟ್ರೇ” ಎಂದೆ.

“ಪುಸ್ತಕದಾಗೆ ಇಲ್ಲದ್ದನ್ನ ಐತೆ ಅಂತ ಹೆಂಗೆ ಬರೀಲಿರಾ?” ಎಂದವರು ಎದ್ದು ನೇರ ಅವ್ವನ ಬಳಿಗೆ ಹೋದರು. “ಆವತ್ತು ನಿಂಗೆ ಮಾತು ಕೊಟ್ಟಿದ್ದೆ, ತಾಯಿ. ನೀನು ಬಿಟ್ರೆ ಇವತ್ತು ಹೆಸ್ರು ಬರೀತೀನಿ, ಇಲ್ದಿದ್ರೆ ಇಲ್ಲ.”

ಅವ್ವ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದಳು. ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು. ಕೊನೆಗೆ, “ಬರೀರಿ. ಇವನು ಮಾತ್ರ ಒಳಗೆ ಕಾಲಿಡಂಗಿಲ್ಲ” ಎಂದಳು.

ಹಿರಿಯರನ್ನು ಒಪ್ಪಿಸಿ, ಕಾಗದ, ಮಸಿಕುಡಿಕೆ ಹಿಡಿದು ಮೇಷ್ಟ್ರು ಒಬ್ಬರೇ ತೋರಣದಡಿ ದಾಟಿದರು. ನೆತ್ತಿ ಸುಡುವ ಮಧ್ಯಾಹ್ನ. ನಾನೂ ಅವ್ವನೂ ಹೊರಗೆ ನಿಂತೆವು. ಬಾಗಿಲು ಬಾಗಿಲಿಗೂ ಮುಳ್ಳುಕಂಟಿ ಎಳೆದಿತ್ತು. ಮೊದಲ ಮನೆಯ ಜಗುಲಿಯ ಮೇಲೆ ಯಾರೋ ಅರ್ಧ ಆಡಿ ಬಿಟ್ಟ ಅಳಗುಳಿಮಣೆ, ಗುಳಿಯಲ್ಲಿ ಕಾಳು ಹಾಗೇ ಇದ್ದವು. ನಮ್ಮ ಹಿಂದೆ ಬಂದಿದ್ದ ನಾಯಿ ತೋರಣದವರೆಗೆ ಬಂದು, ಒಳಗೆ ನೋಡಿ, ಬಾಲ ಮುದುರಿ ಹಿಂದಕ್ಕೆ ಹೋಯಿತು.

ಶಾಲೆ ಊರಬಾಗಿಲ ಪಕ್ಕದಲ್ಲೇ. ಪೆಟ್ಟಿಗೆ ತೆರೆದ ಸದ್ದು ಕೇಳಿತು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಮೇಷ್ಟ್ರ ಗಂಟಲು, ಪ್ರತಿದಿನ ಹಾಜರಿ ಕೂಗುತ್ತಿದ್ದ ಅದೇ ಗಂಟಲು, ನನ್ನ ಹೆಸರನ್ನು ಗಟ್ಟಿಯಾಗಿ ಕೂಗಿತು. ಆ ಶಾಲೆಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಹೈಸ್ಕೂಲಿನ ಅಭ್ಯಾಸಬಲ ನೋಡಿ, ಬಾಯಿ ತೆರೆದೇಬಿಟ್ಟೆ. ಅವ್ವ ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿದಳು. ಖಾಲಿ ಊರು ಕಾಯುತ್ತಿತ್ತು.

“ಐದೀನಿ, ಮೇಷ್ಟ್ರೇ!”

ಉತ್ತರ ಶಾಲೆಯೊಳಗಿನಿಂದಲೇ ಬಂತು. ದನಿ ಮೇಷ್ಟ್ರದ್ದೇ, ರಾಗ ಮಾತ್ರ ಹುಡುಗರದು. ಆಗಲೇ ಅವ್ವ ನನ್ನ ಬಾಯಿಂದ ಕೈ ತೆಗೆದದ್ದು.

ಮೇಷ್ಟ್ರು ಹೊರಗೆ ಬಂದು ನಕಲನ್ನು ಒಂದು ಕಲ್ಲಿನ ಮೇಲೆ ಬಿಸಿಲಿಗಿಟ್ಟು ದೂರ ಸರಿದು ನಿಂತರು. “ಹತ್ರ ಬರಬ್ಯಾಡ. ಒಳಗೆ ಇಲಿ ಬಿದ್ದಾವೆ. ಕಾಗದ ಚೆನ್ನಾಗಿ ಕಾದ ಮ್ಯಾಲೆ ತಗೋ.”

“ನೀವ್ಯಾಕೆ ಓಗೊಟ್ಟಿರಿ?” ಎಂದು ಕೇಳಿದೆ.

“ಬರೆದ ಮ್ಯಾಲೆ ಹಾಜರಿ ಕೂಗ್ಬೇಕು. ಕೂಗಿದ ಮ್ಯಾಲೆ ಯಾರಾದ್ರೂ ಐದೀನಿ ಅನ್ಬೇಕು.” ಅವ್ವನ ಕಡೆ ನೋಡಿ ದನಿ ತಗ್ಗಿಸಿದರು. “ನಂಗೆ ಇಂಥದ್ರಾಗೆ ನಂಬಿಕೆ ಇಲ್ಲಪ್ಪ. ನಿಮ್ಮವ್ವಂಗೆ ಐತೆ. ನಿದ್ದೆ ಮಾಡ್ಲಿ ಅಂತ ಅಂದೆ. ಪರವಾಲೇದು, ನೀ ಹೊರಡು.”

ಅಂದೇ ಚಳ್ಳಕೆರೆಗೆ ನಡೆದೆ. ನಕಲಿನಲ್ಲಿ ನನ್ನ ಹೆಸರಿನ ಮುಂದೆ ಉಗುರಿಲ್ಲದ ಬೆರಳಿನ ಮಸಿಕಲೆ ಇತ್ತು. ಸ್ಕಾಲರ್‌ಶಿಪ್ ಸಿಕ್ಕಿತು. ಸಿಹಿಸುದ್ದಿ ಬರೆದು ಹಾಕಿದ ಕಾಗದಕ್ಕೆ ಊರಿನಿಂದ ಬಂದ ಉತ್ತರದಲ್ಲಿ ಮೇಷ್ಟ್ರು ತೀರಿಕೊಂಡ ಸುದ್ದಿಯಿತ್ತು. ನಾನು ಹೊರಟ ನಾಲ್ಕನೆಯ ದಿನ ಜ್ವರ ಬಂತಂತೆ. ಗುಡಿಸಲುಗಳಿಂದ ದೂರ, ಒಂದು ಜಾಲಿಮರದ ಕೆಳಗೆ ತಾವೇ ಹೋಗಿ ಮಲಗಿದರಂತೆ. ಅವ್ವ ಎರಡು ಹೊತ್ತೂ ಗಂಜಿ ಒಯ್ದಿಟ್ಟು ಬರುತ್ತಿದ್ದಳು.

“ಕೊನೇ ದಿನ ಒಂದೇ ಸಮ ‘ಐದೀನಿ, ಐದೀನಿ’ ಅಂತಿದ್ರು ಕಣಪ್ಪ” ಎಂದು ರಜಕ್ಕೆ ಬಂದಾಗ ಅವ್ವ ಹೇಳಿದಳು. “ಅಲ್ಲಿ ಯಾರೂ ಕೂಗ್ತಿರ್ಲಿಲ್ಲ. ನಾ ಸುತ್ತಾ ನೋಡ್ದೆ.”

ಪ್ಲೇಗು ಇಲಿಯಿಂದ ಬರುತ್ತದೆ, ಹೆಸರಿನಿಂದಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿ ಬಲ್ಲೆ, ಓದುವ ಹಾಗೆ ಮಾಡಿದವರೂ ಅವರೇ. ಹೇಗೆ ಲೆಕ್ಕ ಹಾಕಿದರೂ ಅವರು ಸತ್ತದ್ದು ನನ್ನ ಆ ಒಂದು ಸಾಲಿಗಾಗಿ. ಈಗಲೂ ಯಾರಾದರೂ ನನ್ನ ಹೆಸರು ಕೂಗಿದರೆ ನಾನು ಕೂಡಲೇ ಓಗೊಡುವುದಿಲ್ಲ. ಕಿವಿ ಮಂದವಾಗಿದೆ ಎಂದು ಮನೆಯವರು ಬೈಯುತ್ತಾರೆ. ಕಿವಿ ಚೆನ್ನಾಗಿಯೇ ಇದೆ. ನನಗಿಂತ ಮೊದಲು ಮೇಷ್ಟ್ರು ಓಗೊಡುತ್ತಾರೆ, ಅದು ಮುಗಿಯಲಿ ಎಂದು ಸುಮ್ಮನಿರುತ್ತೇನೆ.