ಕೂಸಿಗೆ ಕೇಳಲೆಂದು ಇಟ್ಟ ಬಳೆಗಳು

ಮೊನ್ನೆ ಬಸುರಿ ಮಗಳ ಕುಬುಸದ ದಿನ ಬಳೆಗಾರರು ಪಡಸಾಲೆಯ ಚಾಪೆಯ ಮೇಲೆ ಕೂತು ಅವಳ ಕೈಗೆ ಹಸಿರು ಗಾಜಿನ ಬಳೆ ಏರಿಸುತ್ತಿದ್ದರು. ಒಂದು ಬಳೆ ಚಿಟ್ಟೆಂದಿತು. "ಹೆಚ್ಚಿತು, ಹೆಚ್ಚಿತು" ಎಂದರು ಸುತ್ತ ಕೂತ ಹೆಂಗಸರು. ಬಳೆ ಒಡೆಯಿತು ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಯಾರ ಕಾಲಿಗಾದರೂ ಚುಚ್ಚೀತೆಂದು ಆ ಚೂರನ್ನು ಎತ್ತಿಕೊಂಡೆ. ಪಕ್ಕದ ಮನೆಯ ಸೊಸೆ ನೆನಪಾದಳು…

ನಾನು ಹೊಸಪೇಟೆಯಿಂದ ಹಡಗಲಿಗೆ ಮದುವೆಯಾಗಿ ಬಂದ ಹೊಸತು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವಳು ನನಗಿಂತ ಚಿಕ್ಕವಳು, ಚೊಚ್ಚಲ ಬಸುರಿ. ಸಂಜೆ ಕಟ್ಟೆಯ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಕುಬುಸದಲ್ಲಿ ಇಟ್ಟ ಬಳೆಯ ಸಪ್ಪಳ ಹೊಟ್ಟೆಯೊಳಗಿನ ಕೂಸಿಗೆ ಕೇಳುತ್ತದೆ ಎಂದು ಯಾರೋ ಹೇಳಿದ್ದೇ ಸಾಕಾಯಿತು. ಹೂ ಕಟ್ಟುವುದನ್ನು ನಡುನಡುವೆ ಬಿಟ್ಟು ಮುಂಗೈ ಕುಲುಕುವಳು, ತಲೆ ಬಗ್ಗಿಸಿ ಹೊಟ್ಟೆ ನೋಡಿಕೊಳ್ಳುವಳು.

"ಈಕಿ ಸಪ್ಪಳಕ್ಕ ಬೆಕ್ಕು ಸೈತ ಹಾಲಿನ ಹಂತ್ಯಾಕ ಬರವಲ್ದು" ಎಂದು ಅವಳ ಅತ್ತೆ ಛೇಡಿಸುವರು.

"ನಿಮ್ಮ ಮೊಮ್ಮಗಳ ಜೋಡಿ ಮಾತಾಡಾಕ್ಹತ್ತೀನ್ರಿ ಅತ್ತಿ, ನಡುವ ಬಾಯಿ ಹಾಕಬ್ಯಾಡ್ರಿ."

ಅದಕ್ಕೂ ಮೊದಲು, ಅವಳಿಗಿನ್ನೂ ವಾಂತಿ ನಿಲ್ಲದ ದಿನಗಳಲ್ಲಿ, ಓಣಿಯ ಮಕ್ಕಳಿಗೆ ಮೈತುಂಬ ಸಣ್ಣ ಕೆಂಪು ಗುಳ್ಳೆ ಎದ್ದಿದ್ದವು. ಅವಳಿಗೂ ಎದ್ದವು. ತುಸು ಬೆಚ್ಚಗಿನ ಮೈ, ಕಿವಿಯ ಹಿಂದೆ ಗಂಟು, ಅಷ್ಟೇ. "ಅಮ್ಮ ಬಂದಾಳ" ಎಂದು ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಮೊಸರನ್ನದ ಎಡೆ ಇಟ್ಟರು. ಸೊಸೆ ಬಸುರಿ ಇರುವಾಗಲೇ ದೇವಿ ಮನೆ ಹೊಕ್ಕಳಲ್ಲ ಎಂದು ಅವರಿಗೆ ಹಿಗ್ಗು. ಎರಡು ದಿನ ಕಳೆಯುವುದರೊಳಗೆ ಗುಳ್ಳೆ ಮಾಯ. ಎಲ್ಲರೂ ಮರೆತರು.

ಹೆಣ್ಣು ಕೂಸು ಹುಟ್ಟಿತು. ತೀರಾ ಸಣ್ಣದು. ಕಣ್ಣಿನ ಕಪ್ಪಿನೊಳಗೆ ಹಾಲಿನ ಹನಿ ಬಿದ್ದಂತೆ ಬಿಳಿ. ತೊಟ್ಟಿಲ ಪಕ್ಕ ಅವಳು ಬಳೆ ಕುಲುಕುವಳು. ಕೂಸು ಅತ್ತ ತಿರುಗದು. ಒಂದು ದಿನ ಅತ್ತೆಯ ಕೈಯಿಂದ ಹಿತ್ತಾಳೆ ಕೊಡ ಜಾರಿ ಬಿತ್ತು. ಗೋಡೆಯ ಈಚೆ ನಾನು ಬೆಚ್ಚಿಬಿದ್ದೆ. ಓಡಿ ಹೋಗಿ ನೋಡಿದರೆ ಎಚ್ಚರವಾಗಿದ್ದ ಕೂಸು ಸುಮ್ಮನೆ ತನ್ನ ಬೆರಳು ಚೀಪುತ್ತಿತ್ತು. ಅವಳು ನನ್ನ ಮುಖವನ್ನೇ ನೋಡಿದಳು…

ದಾವಣಗೆರೆಯ ಆಸ್ಪತ್ರೆಗೆ ನನ್ನನ್ನೂ ಕರೆದುಕೊಂಡು ಹೋದಳು. ನಾನು ಕಾನ್ವೆಂಟಿನಲ್ಲಿ ಓದಿದವಳು, ಡಾಕ್ಟರ ಇಂಗ್ಲಿಷು ತಿಳಿದೀತು ಎಂಬ ಧೈರ್ಯ ಅವಳಿಗೆ. ಆದರೆ ಡಾಕ್ಟರು ಕನ್ನಡದಲ್ಲೇ ಕೇಳಿದರು.

"ಬಸುರಿ ಇದ್ದಾಗ ಏನಾದ್ರೂ ಕಾಯಿಲೆ ಬಂದಿತ್ತೇನಮ್ಮಾ?"

"ಇಲ್ರಿ. ಏನೂ ಬಂದಿಲ್ರಿ."

ಅವಳು ಸುಳ್ಳು ಹೇಳಲಿಲ್ಲ. ಅಮ್ಮ ಬರುವುದು ನಮ್ಮಲ್ಲಿ ಕಾಯಿಲೆಯಲ್ಲ. ನಾನೇ ಮೆಲ್ಲಗೆ ಆ ಗುಳ್ಳೆಗಳ ಮಾತು ತೆಗೆದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ರುಬೆಲ್ಲಾ ಇರಬೇಕು ಎಂದರು. ತಾಯಿಗೆ ಹಗುರಾಗಿ ಬಂದು ಹೋಗುತ್ತದಂತೆ. ಒಳಗಿನ ಕೂಸಿಗೆ ಕಣ್ಣು, ಕಿವಿ, ಹೃದಯ ಮೂಡುವ ಮೊದಲ ತಿಂಗಳುಗಳಲ್ಲಿ ಬಂದರೆ ಅಲ್ಲಿಗೇ ಹೊಕ್ಕು ಕೂರುತ್ತದಂತೆ. ಈ ಕೂಸಿನ ಹೃದಯವೂ ಸರಿಯಿರಲಿಲ್ಲ. "ನೀವು ಆಗಲೇ ಬಂದಿದ್ರೂ ನನ್ನ ಹತ್ರ ಔಷಧಿ ಇರಲಿಲ್ಲಮ್ಮ. ಬಸುರಿಯಾಗೋ ಮೊದಲೇ ಲಸಿಕೆ ಹಾಕಿಸಿರಬೇಕಿತ್ತು."

ನನಗಾಗ ತಿಂಗಳು ನಿಂತಿತ್ತು. ಹೇಳಿದೆ. ಡಾಕ್ಟರ ಮುಖ ಬದಲಾಯಿತು.

"ಈ ಕೂಸನ್ನ ಎತ್ತಿಕೊಳ್ತೀರಾ?"

"ದಿನಾ ಎತ್ತಿಕೊಳ್ತೀನಿ…"

ಹುಟ್ಟಿದ ಮೇಲೂ ಎಷ್ಟೋ ತಿಂಗಳು ಇಂಥ ಕೂಸಿನಿಂದ ಸೋಂಕು ತಗಲುತ್ತದೆಯಂತೆ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಒಮ್ಮೆ ನನಗೂ ಕೆಂಪು ಗುಳ್ಳೆ ಎದ್ದು, ಸಿಸ್ಟರುಗಳು ಅದನ್ನು ಜರ್ಮನ್ ಮೀಸಲ್ಸ್ ಎಂದು ಕರೆದು ಬೇರೆ ಕೋಣೆಯಲ್ಲಿ ಮಲಗಿಸಿದ್ದರು. ಅದು ನೆನಪಾಗಿ ಹೇಳಿದೆ. ಅದೇ ರುಬೆಲ್ಲಾ, ಒಮ್ಮೆ ಬಂದವರಿಗೆ ಮತ್ತೆ ಬಾರದು, ಭಯವಿಲ್ಲ ಎಂದರು ಡಾಕ್ಟರು. ರಕ್ತಪರೀಕ್ಷೆಯೂ ಹಾಗೇ ಹೇಳಿತು.

ಬಸ್ಸು ಹರಪನಹಳ್ಳಿ ದಾಟಿತು. ಅವಳು ಕಿಟಕಿಯ ಕಡೆ ನೋಡುತ್ತಲೇ ಅಂದಳು: "ಅಕ್ಕಾ, ನಿಮ್ಮ ಹತ್ರ ಅಮ್ಮ ಮೊದ್ಲ ಬಂದು ಹೋಗ್ಯಾಳ. ನನ್ನ ಹತ್ರ ತಡಾ ಮಾಡಿ ಬಂದ್ಲು."

ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ…

ಅವಳು ಬಳೆ ಕುಲುಕುವುದನ್ನು ಬಿಡಲಿಲ್ಲ. ಈಗ ಮುಂಗೈಯನ್ನು ಕೂಸಿನ ಕೆನ್ನೆಗೆ ಒತ್ತಿ ಮೆಲ್ಲಗೆ ಅಲುಗಿಸುವಳು. ಗಾಜಿನ ನಡುಕ ಕೆನ್ನೆಗೆ ತಾಗಿದರೆ ಕೂಸು ಬಾಯಿ ಅಗಲಿಸಿ ನಗುವುದು. ಆ ನಗುವನ್ನು ಗೋಡೆಯಾಚೆಯಿಂದ ಕರೆದು ನನಗೆ ತೋರಿಸುತ್ತಿದ್ದಳು.

ಚಳಿಗಾಲದಲ್ಲಿ ಕೆಮ್ಮು ಹಿಡಿದದ್ದೇ ನೆಪವಾಗಿ ಕೂಸು ಹೋಯಿತು.

ನಾನು ತುಂಬಿದ ಬಸುರಿ. ಸಾವಿನ ಮನೆಗೆ ಹೋಗಬೇಡ ಎಂದು ನಮ್ಮ ಅತ್ತೆ ತಡೆದರು. ಕೆಲವು ದಿನಗಳ ಮೇಲೆ ಕಟ್ಟೆಯ ಮೇಲೆ ಅವಳು ಹೂ ಕಟ್ಟುತ್ತ ಕೂತದ್ದು ಕಂಡಿತು. ಏನೋ ಕೊರತೆ ಅನ್ನಿಸಿ ಹತ್ತಿರ ಹೋದೆ. ಎರಡೂ ಕೈಯ ಬಳೆಗಳ ಮೇಲೆ ಹಳೆಯ ಸೀರೆಯ ಅರಿವೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಮುತ್ತೈದೆ, ಬಳೆ ತೆಗೆಯುವಂತಿಲ್ಲ. ಅರಿವೆಯನ್ನು ನೋಡುತ್ತ ನಿಂತೆ.

"ಅಕಿಗೇ ಕೇಳಿಸ್ಲಿಲ್ಲ" ಎಂದಳು. "ನನಗ್ಯಾಕ ಬೇಕ್ರಿ ಅಕ್ಕಾ, ಸಪ್ಪಳ?"

ಮುಂದೆ ಅವರು ತಂಬ್ರಹಳ್ಳಿಯ ಕಡೆ ಮನೆ ಮಾಡಿದರೆಂದು ಕೇಳಿದೆ. ಮತ್ತೆ ಕಾಣಲಿಲ್ಲ.

ಅಂದು ನನ್ನ ಹೊಟ್ಟೆಯಲ್ಲಿದ್ದವಳೇ ಮೊನ್ನೆ ಬಳೆ ಇಡಿಸಿಕೊಂಡ ಮಗಳು. ಅವಳ ಶಾಲೆಗೇ ಬಂದು ರುಬೆಲ್ಲಾ ಲಸಿಕೆ ಹಾಕಿದ ದಿನ, ಮನೆಗೆ ಬಂದು ತೋಳು ಹಿಡಿದುಕೊಂಡು ಅತ್ತಿದ್ದಳು. ನಾನು ಅವಳ ತೋಳು ನೀವುತ್ತ ಗೋಡೆಯ ಕಡೆ ನೋಡಿದ್ದೆ. ಮೊನ್ನೆ ಬಳೆ ಏರಿಸಿಕೊಂಡ ಎರಡೂ ಕೈ ಕುಲುಕಿ, "ಅವ್ವಾ, ಒದೀತು ನೋಡು!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಷ್ಟಿಯೊಳಗೆ ಆ ಚೂರು ಇನ್ನೂ ಇತ್ತು. ಹಿತ್ತಲಿಗೆ ಹೋಗಿ, ಯಾರಿಗೂ ಕೇಳದಂತೆ, ಒಡೆಯಿತು ಎಂದೆ.